ಲೇಸರ್ ಮತ್ತು ಮೈಕ್ರೋವೇವ್ ಅಸ್ತ್ರಗಳು: ಪದೇ ಪದೇ ಕೇಳುವ ಪ್ರಶ್ನೆಗಳು

2025ರ ಏಪ್ರಿಲ್ 13ರಂದು ಆಂಧ್ರಪ್ರದೇಶದ ಕರ್ನೂಲು ಬಳಿಯ ಬಯಲು ಪರೀಕ್ಷಾ ಕೇಂದ್ರದಲ್ಲಿ ದೇಶದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ 30 ಕಿಲೋವ್ಯಾಟ್ ಲೇಸರ್‌ನಿಂದ ಡ್ರೋನ್‌ಗಳನ್ನು ಹೊಡೆದುರುಳಿಸಿ ತೋರಿಸಿತು. ತಿಂಗಳು ತುಂಬುವ ಮೊದಲೇ, ಮೇ 8ರ ರಾತ್ರಿ, ಪಾಕಿಸ್ತಾನ ನಮ್ಮ 36 ಸ್ಥಳಗಳತ್ತ 300ರಿಂದ 400 ಡ್ರೋನ್‌ಗಳನ್ನು ಹಾರಿಬಿಟ್ಟಿತೆಂದು ಸರ್ಕಾರ ಹೇಳಿತು. ಅಂದಿನಿಂದ ಈ ಅಸ್ತ್ರಗಳ ಬಗ್ಗೆ ಪ್ರಶ್ನೆಗಳು ಬರುತ್ತಲೇ ಇವೆ. ಡ್ರೋನ್ ತಡೆಯಲು ಇವು ನಮಗೆ ಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಇವನ್ನು ಯಾರ ಮೇಲೆ, ಯಾವ ಮಿತಿಯೊಳಗೆ ಬಳಸಬಹುದು ಎಂಬ ನಿಯಮಗಳು ಯಂತ್ರಗಳ ಜೊತೆಜೊತೆಗೇ ಸಿದ್ಧವಾಗಬೇಕು. ಆ ಕೆಲಸದಲ್ಲಿ ನಾವು ಹಿಂದುಳಿದಿದ್ದೇವೆ. ಕೆಳಗಿನ ಉತ್ತರಗಳನ್ನು ಈ ನಿಲುವಿನಿಂದಲೇ ಬರೆದಿದ್ದೇನೆ.

ಲೇಸರ್ ಅಸ್ತ್ರಕ್ಕೂ ಮೈಕ್ರೋವೇವ್ ಅಸ್ತ್ರಕ್ಕೂ ಏನು ವ್ಯತ್ಯಾಸ?

ಎರಡರಲ್ಲೂ ಗುಂಡಿಲ್ಲ, ಸಿಡಿತಲೆಯಿಲ್ಲ. ವಿದ್ಯುತ್ಕಾಂತೀಯ ತರಂಗಗಳ ಶಕ್ತಿಯನ್ನೇ ಗುರಿಯ ಮೇಲೆ ಸುರಿಯುತ್ತವೆ. ವ್ಯತ್ಯಾಸ ಇರುವುದು ತರಂಗದ ಉದ್ದದಲ್ಲಿ. ಇಂದಿನ ಸೇನಾ ಲೇಸರ್‌ಗಳಲ್ಲಿ ಅದು ಹೆಚ್ಚುಕಡಿಮೆ ಒಂದು ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಆದ್ದರಿಂದ ಕಿರಣವನ್ನು ಕಿಲೋಮೀಟರುಗಟ್ಟಲೆ ದೂರದ ಒಂದು ಪುಟ್ಟ ಚುಕ್ಕೆಯ ಮೇಲೆ ನಿಲ್ಲಿಸಬಹುದು. ಮೈಕ್ರೋವೇವ್ ತರಂಗಗಳು ಸೆಂಟಿಮೀಟರ್ ಲೆಕ್ಕದವು. ಹೊರಟ ಕೂಡಲೇ ಹರಡಿಕೊಳ್ಳುತ್ತವೆ. ಲೇಸರ್ ಒಂದು ಗುರಿಯ ಹೊರಮೈಯನ್ನು ಸುಡುತ್ತದೆ. ಮೈಕ್ರೋವೇವ್ ಎದುರಿಗಿರುವ ಹಲವು ಗುರಿಗಳ ಒಳಗಿನ ಎಲೆಕ್ಟ್ರಾನಿಕ್ಸನ್ನು ಒಟ್ಟಿಗೇ ಕೆಡಿಸುತ್ತದೆ.

ಸಿನಿಮಾದಲ್ಲಿ ತೋರಿಸುವಂತೆ ಕೆಂಪು, ಹಸಿರು ಕಿರಣ ಕಾಣುತ್ತದೆಯೇ?

ಇಲ್ಲ. ಒಂದು ಮೈಕ್ರಾನ್ ಆಸುಪಾಸಿನ ಬೆಳಕು ಅವಗೆಂಪು ವಲಯದ್ದು, ಮನುಷ್ಯನ ಕಣ್ಣಿಗೆ ಕಾಣುವುದಿಲ್ಲ. ಹೊಡೆತದ ಸದ್ದೂ ಇಲ್ಲ. ಕೇಳಿಸುವುದು ಜನರೇಟರ್ ಮತ್ತು ತಂಪುಗೊಳಿಸುವ ಪಂಪ್‌ಗಳ ಸದ್ದು ಮಾತ್ರ. ದೂರದಲ್ಲಿ ಡ್ರೋನ್‌ನ ರೆಕ್ಕೆ ಹೊಗೆಯಾಡುತ್ತದೆ, ಮುರಿಯುತ್ತದೆ, ಬೀಳುತ್ತದೆ.

ಗುರಿಯನ್ನು ಕೆಡಿಸಲು ಲೇಸರ್‌ಗೆ ಎಷ್ಟು ಹೊತ್ತು ಬೇಕು?

ಇದಕ್ಕೆ ನಮ್ಮ ಚಿತ್ರದುರ್ಗದಲ್ಲೇ ಒಳ್ಳೆಯ ಉದಾಹರಣೆ ಇದೆ. 2017ರ ಆಗಸ್ಟ್‌ನಲ್ಲಿ ಅಲ್ಲಿನ ಡಿಆರ್‌ಡಿಒ ಪರೀಕ್ಷಾ ಕ್ಷೇತ್ರದಲ್ಲಿ ಟ್ರಕ್ ಮೇಲೆ ಕೂರಿಸಿದ ಒಂದು ಕಿಲೋವ್ಯಾಟ್ ಲೇಸರ್‌ನ ಪ್ರಯೋಗ ನಡೆಯಿತು. ಗುರಿ 250 ಮೀಟರ್ ದೂರದಲ್ಲಿದ್ದ ಲೋಹದ ಹಾಳೆ. ಅದರಲ್ಲಿ ತೂತು ಬೀಳಲು 36 ಸೆಕೆಂಡ್ ಹಿಡಿಯಿತು.

ಆ 36 ಸೆಕೆಂಡ್‌ಗಳೂ ಕಿರಣ ಅದೇ ಚುಕ್ಕೆಯ ಮೇಲೆ ಕದಲದೆ ನಿಲ್ಲಬೇಕಿತ್ತು. ಹಾಳೆ ನಿಂತಲ್ಲೇ ನಿಂತಿತ್ತು, ಹಾಗಾಗಿ ಸಾಧ್ಯವಾಯಿತು. ಹಾರುವ ಡ್ರೋನ್ ಅಷ್ಟು ಹೊತ್ತು ಕಾಯುವುದಿಲ್ಲ. ಒಂದು ಕಿಲೋವ್ಯಾಟ್‌ನಂತೆ 36 ಸೆಕೆಂಡ್ ಎಂದರೆ 36 ಕಿಲೋಜೂಲ್ ಶಕ್ತಿ. 30 ಕಿಲೋವ್ಯಾಟ್ ಕಿರಣ ಇಷ್ಟನ್ನು ಒಂದೂಕಾಲು ಸೆಕೆಂಡಿನ ಒಳಗೇ ಸುರಿಯುತ್ತದೆ. ಚಿತ್ರದುರ್ಗದಿಂದ ಕರ್ನೂಲಿಗೆ ಎಂಟು ವರ್ಷಗಳಲ್ಲಿ ಆದ ಪ್ರಗತಿ ಇದು. ಶಕ್ತಿ ಹೆಚ್ಚಿದ್ದು ಅದರ ಒಂದು ಮುಖ. ಓಡುವ ಗುರಿಯ ಅದೇ ಜಾಗಕ್ಕೆ ಕಿರಣವನ್ನು ಅಂಟಿಸಿ ಹಿಡಿಯುವ ಕನ್ನಡಿ ವ್ಯವಸ್ಥೆಯನ್ನು ಸಾಧಿಸಿದ್ದು ಇನ್ನೊಂದು ಮುಖ, ಇಂಜಿನಿಯರುಗಳ ನಿಜವಾದ ಕಷ್ಟ ಇರುವುದೂ ಅಲ್ಲೇ.

ಇನ್ನೂ ಒಂದು ಲೆಕ್ಕ ನೋಡಿ. 30 ಸೆಂಟಿಮೀಟರ್ ಅಗಲದ ಕನ್ನಡಿಯಿಂದ ಹೊರಟ ಒಂದು ಮೈಕ್ರಾನ್ ಕಿರಣವನ್ನು ಐದು ಕಿಲೋಮೀಟರ್ ಆಚೆ ಎಷ್ಟೇ ಚೆನ್ನಾಗಿ ಕೂಡಿಸಿದರೂ ಸುಮಾರು ನಾಲ್ಕು ಸೆಂಟಿಮೀಟರಿನ ಚುಕ್ಕೆ ಸಿಗುತ್ತದೆ. ಅದಕ್ಕಿಂತ ಕಿರಿದಾಗಿಸಲು ಭೌತವಿಜ್ಞಾನ ಬಿಡುವುದಿಲ್ಲ. ದೂರ ಇಮ್ಮಡಿಯಾದರೆ ಚುಕ್ಕೆಯ ವಿಸ್ತೀರ್ಣ ನಾಲ್ಕು ಪಟ್ಟು, ಕಾವು ನಾಲ್ಕನೇ ಒಂದು. ವ್ಯಾಪ್ತಿ ಇಷ್ಟು ಕಿಲೋಮೀಟರ್ ಎಂದು ಯಾರಾದರೂ ಹೇಳಿದರೆ, ಎಂತಹ ಗುರಿಗೆ ಮತ್ತು ಎಷ್ಟು ಸೆಕೆಂಡಿನಲ್ಲಿ ಎಂದು ಕೇಳದೆ ಆ ಸಂಖ್ಯೆಯನ್ನು ಒಪ್ಪಿಕೊಳ್ಳಬೇಡಿ.

ಮಳೆ, ಮಂಜು, ಧೂಳು ಇದ್ದರೆ?

ಲೇಸರ್ ಸೋಲುತ್ತದೆ. ನೀರಿನ ಹನಿ, ಧೂಳು, ಹೊಗೆ ಎಲ್ಲವೂ ಬೆಳಕನ್ನು ಹೀರುತ್ತವೆ, ಚದುರಿಸುತ್ತವೆ. ಆಕಾಶ ಶುಭ್ರವಾಗಿದ್ದರೂ ಬಿಸಿಲಿಗೆ ಕಾದ ನೆಲದ ಮೇಲಿನ ಗಾಳಿ ಕಿರಣವನ್ನು ಅಲುಗಿಸುತ್ತದೆ. ಜೊತೆಗೆ ಕಿರಣವೇ ತನ್ನ ದಾರಿಯ ಗಾಳಿಯನ್ನು ಕಾಯಿಸಿ, ಆ ಬಿಸಿಗಾಳಿ ಕಿರಣವನ್ನು ಅಗಲಿಸುವುದೂ ಉಂಟು. ಆಗುಂಬೆಯ ಜುಲೈ ತಿಂಗಳಿನಂತಹ ಹವೆಯಲ್ಲಿ ಲೇಸರ್ ಅಸ್ತ್ರವನ್ನು ನಂಬಿ ಕೂರುವಂತಿಲ್ಲ. ಮೈಕ್ರೋವೇವ್‌ಗೆ ಮಳೆ, ಮಂಜಿನ ತೊಂದರೆ ತೀರಾ ಕಡಿಮೆ. ಬುದ್ಧಿವಂತ ಸೇನೆಗಳು ಕ್ಷಿಪಣಿ, ಫಿರಂಗಿ, ಲೇಸರ್, ಮೈಕ್ರೋವೇವ್ ಎಲ್ಲವನ್ನೂ ಒಟ್ಟಿಗೆ ಇಟ್ಟುಕೊಳ್ಳಲು ಹೊರಟಿರುವುದು ಇದೇ ಕಾರಣಕ್ಕೆ.

ಮೊದಲ ಲೇಸರ್ ಬಂದದ್ದು 1960ರಲ್ಲಿ. ಅಸ್ತ್ರವಾಗಲು ಇಷ್ಟು ವರ್ಷ ಏಕೆ ಬೇಕಾಯಿತು?

ಥಿಯೊಡೋರ್ ಮೇಮನ್ 1960ರ ಮೇ 16ರಂದು ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಬೆಳಗಿಸಿದ ಕೆಲವೇ ವರ್ಷಗಳಲ್ಲಿ ಸೇನೆಗಳು ಹಣ ಸುರಿಯತೊಡಗಿದವು. 1983ರಲ್ಲಿ ಅಮೆರಿಕದ ವಾಯುಪಡೆ ವಿಮಾನದಲ್ಲಿಟ್ಟ ಲೇಸರ್‌ನಿಂದ ಐದು ಸೈಡ್‌ವಿಂಡರ್ ಕ್ಷಿಪಣಿಗಳನ್ನು ಕೆಡವಿತು. ಅದೇ ವರ್ಷದ ಮಾರ್ಚ್ 23ರಂದು ಅಲ್ಲಿನ ಅಧ್ಯಕ್ಷ ರೊನಾಲ್ಡ್ ರೇಗನ್ ಕ್ಷಿಪಣಿ ರಕ್ಷಣೆಯ ಮಹಾ ಯೋಜನೆಯನ್ನು ಘೋಷಿಸಿದರು.

ಆ ಕಾಲದ ದೊಡ್ಡ ಲೇಸರ್‌ಗಳು ಅನಿಲ ಇಲ್ಲವೇ ರಾಸಾಯನಿಕ ಲೇಸರ್‌ಗಳು. ವಿಷಕಾರಿ ದ್ರವ, ಅನಿಲಗಳನ್ನು ಟ್ಯಾಂಕುಗಟ್ಟಲೆ ಹೊರಬೇಕಿತ್ತು. ಅವುಗಳ ತುತ್ತತುದಿ ಬೋಯಿಂಗ್ 747ರ ಮೂತಿಯಲ್ಲಿ ಕೂರಿಸಿದ ಲೇಸರ್. 2010ರ ಫೆಬ್ರವರಿ 11ರಂದು ಕ್ಯಾಲಿಫೋರ್ನಿಯಾ ಕರಾವಳಿಯಾಚೆ ಅದು ಮೇಲೇರುತ್ತಿದ್ದ ಬ್ಯಾಲಿಸ್ಟಿಕ್ ಕ್ಷಿಪಣಿಯನ್ನು ನಾಶಮಾಡಿತು. ಮರುವರ್ಷವೇ ಯೋಜನೆ ರದ್ದಾಯಿತು. ಸುಮಾರು 500 ಕೋಟಿ ಡಾಲರ್ ಖರ್ಚಾಗಿತ್ತು. ಲೇಸರ್ ಕೆಲಸ ಮಾಡಲಿಲ್ಲ ಎಂಬ ಕಾರಣಕ್ಕೆ ಅದನ್ನು ಕೈಬಿಡಲಿಲ್ಲ. ಅದರ ವ್ಯಾಪ್ತಿ ಸಾಲದೆ, ಇರಾನಿನಂತಹ ದೇಶದ ಕ್ಷಿಪಣಿಯನ್ನು ಹೊಡೆಯಬೇಕಾದರೆ ಆ ದೈತ್ಯ ವಿಮಾನ ಶತ್ರುವಿನ ಆಕಾಶದಲ್ಲೇ ಸುತ್ತು ಹೊಡೆಯಬೇಕಾಗಿತ್ತು. ಪ್ರಯೋಗ ಗೆದ್ದರೂ ಅಸ್ತ್ರ ಸೋಲಬಹುದು. ಇದನ್ನು ನಮ್ಮ ಯೋಜಕರೂ ನೆನಪಿಡಬೇಕು.

ದಾರಿ ತೆರೆದದ್ದು ಫೈಬರ್ ಲೇಸರ್. ಕಾರ್ಖಾನೆಗಳಲ್ಲಿ ಉಕ್ಕು ಕತ್ತರಿಸಲು, ಬೆಸೆಯಲು ಬೆಳೆದ ಈ ತಂತ್ರಜ್ಞಾನಕ್ಕೆ ವಿದ್ಯುತ್ ಇದ್ದರೆ ಸಾಕು. ಹಲವು ಫೈಬರ್‌ಗಳ ಕಿರಣಗಳನ್ನು ಒಂದಾಗಿ ಬೆಸೆದು ಶಕ್ತಿ ಹೆಚ್ಚಿಸಬಹುದು. 2014ರಲ್ಲಿ ಅಮೆರಿಕದ ನೌಕಾಪಡೆ ಪರ್ಷಿಯನ್ ಕೊಲ್ಲಿಯಲ್ಲಿದ್ದ ‘ಪಾನ್ಸ್’ ಹಡಗಿನಲ್ಲಿ 30 ಕಿಲೋವ್ಯಾಟ್ ಲೇಸರ್ ಕೂರಿಸಿ, ಆತ್ಮರಕ್ಷಣೆಗೆ ಬಳಸಲು ಕ್ಯಾಪ್ಟನ್‌ಗೆ ಅನುಮತಿಯನ್ನೂ ಕೊಟ್ಟಿತು. ಬ್ರಿಟನ್ನಿನ ‘ಡ್ರ್ಯಾಗನ್‌ಫೈರ್’ 2024ರ ಜನವರಿಯಲ್ಲಿ ಹಾರುವ ಗುರಿಗಳನ್ನು ಹೊಡೆದ ಸುದ್ದಿ ಬಂತು. ಇಸ್ರೇಲಿನ 100 ಕಿಲೋವ್ಯಾಟ್ ವರ್ಗದ ‘ಐರನ್ ಬೀಮ್’ 2025ರ ಡಿಸೆಂಬರ್ ಕೊನೆಯಲ್ಲಿ ಅಲ್ಲಿನ ಸೇನೆಯ ಕೈಸೇರಿತು. ಚೀನಾ 2025ರ ಸೆಪ್ಟೆಂಬರ್ 3ರ ಬೀಜಿಂಗ್ ಕವಾಯತಿನಲ್ಲಿ ತನ್ನ ಲೇಸರ್ ಅಸ್ತ್ರಗಳನ್ನು ಜಗತ್ತಿಗೆ ತೋರಿಸಿತು.

ಒಂದು ಹೊಡೆತಕ್ಕೆ ಒಂದು ಡಾಲರ್‌ಗಿಂತ ಕಡಿಮೆ ಖರ್ಚು ಎನ್ನುತ್ತಾರಲ್ಲ, ನಿಜವೇ?

ವಿದ್ಯುತ್ತಿನ ಮಟ್ಟಿಗೆ ನಿಜ. ನೀವೇ ಲೆಕ್ಕ ಹಾಕಬಹುದು. 30 ಕಿಲೋವ್ಯಾಟ್ ಕಿರಣವನ್ನು ಐದು ಸೆಕೆಂಡ್ ಬಿಟ್ಟರೆ 150 ಕಿಲೋಜೂಲ್. ಲೇಸರ್ ತಾನು ಪಡೆದ ವಿದ್ಯುತ್ತಿನ ಮೂರನೇ ಒಂದು ಭಾಗವನ್ನು ಬೆಳಕಾಗಿಸುತ್ತದೆ ಎಂದುಕೊಳ್ಳೋಣ; ಆಗ ಬೇಕಾದದ್ದು 450 ಕಿಲೋಜೂಲ್, ಅಂದರೆ ಒಂದು ಯೂನಿಟ್ಟಿನ ಎಂಟನೇ ಒಂದು ಪಾಲು. ಯೂನಿಟ್ಟಿಗೆ ಎಂಟು ರೂಪಾಯಿ ಹಿಡಿದರೂ ಹೊಡೆತಕ್ಕೆ ಒಂದು ರೂಪಾಯಿ. ಬ್ರಿಟನ್ ತನ್ನ ಡ್ರ್ಯಾಗನ್‌ಫೈರ್‌ಗೆ ಹತ್ತು ಪೌಂಡ್ ಎಂದು ಹೇಳಿದೆ. ಕೆಲವು ಸಾವಿರ ರೂಪಾಯಿಯ ಡ್ರೋನ್ ಕೆಡವಲು ಕೋಟಿಗಟ್ಟಲೆ ಬೆಲೆಯ ಕ್ಷಿಪಣಿ ಹಾರಿಸಿ ಬೊಕ್ಕಸ ಬರಿದು ಮಾಡಿಕೊಳ್ಳುವ ಸೇನೆಗೆ ಈ ಸಂಖ್ಯೆ ಆಕರ್ಷಕವಾಗಿ ಕಾಣುವುದು ಸಹಜ.

ಆದರೆ ಒಂದು ರೂಪಾಯಿಯ ಲೆಕ್ಕದಲ್ಲಿ ಯಂತ್ರದ ಬೆಲೆ ಇಲ್ಲ, ಅದನ್ನು ನಡೆಸುವವರ ಸಂಬಳ ಇಲ್ಲ, ಧೂಳು ಕೂತು ಸುಟ್ಟುಹೋಗುವ ಗಾಜಿನ ಬೆಲೆ ಇಲ್ಲ. ‘ಪಾನ್ಸ್’ ಹಡಗಿನ ಲೇಸರ್‌ಗೇ ಸುಮಾರು ನಾಲ್ಕು ಕೋಟಿ ಡಾಲರ್ ತಗುಲಿತ್ತು. 100 ಕಿಲೋವ್ಯಾಟ್ ಲೇಸರ್ ಎಂದರೆ ಸುಮಾರು 300 ಕಿಲೋವ್ಯಾಟ್ ವಿದ್ಯುತ್ ಬೇಕು, ಉಳಿದ 200 ಕಿಲೋವ್ಯಾಟ್ ಬಿಸಿಯನ್ನು ಹೊರಹಾಕಬೇಕು. ಹಡಗಿನಲ್ಲಾದರೆ ಕಷ್ಟವಿಲ್ಲ, ಲಾರಿಯಲ್ಲಿ ಕಷ್ಟ, ವಿಮಾನದಲ್ಲಿ ಇನ್ನೂ ಕಷ್ಟ. ಅಮೆರಿಕದ ಸೇನೆ 50 ಕಿಲೋವ್ಯಾಟ್ ಲೇಸರ್ ಹೊತ್ತ ನಾಲ್ಕು ಸ್ಟ್ರೈಕರ್ ವಾಹನಗಳನ್ನು 2024ರಲ್ಲಿ ಪಶ್ಚಿಮ ಏಷ್ಯಾಕ್ಕೆ ಕಳಿಸಿದಾಗ, ಪ್ರಯೋಗಾಲಯದಲ್ಲಿ ಕಂಡ ಫಲ ಮರಳುಗಾಡಿನಲ್ಲಿ ಸಿಗಲಿಲ್ಲ ಎಂದು ಅಲ್ಲಿನ ಅಧಿಕಾರಿಗಳೇ ಹೇಳಿದರು. ಅದೇ ವರ್ಷ ವಿಮಾನಗಳಿಗೆ ಲೇಸರ್ ಕಟ್ಟುವ ಎರಡು ಯೋಜನೆಗಳನ್ನು ಅವರು ಕೈಬಿಟ್ಟರು.

ಹಣದ ಪ್ರಶ್ನೆ ಕೇಳುವವರು ಹೊಡೆತದ ಬೆಲೆಯನ್ನು ಬಿಟ್ಟು, ಒಂದು ಊರನ್ನು ಅಥವಾ ವಾಯುನೆಲೆಯನ್ನು ವರ್ಷವಿಡೀ ಕಾಯಲು ಎಷ್ಟು ಲೇಸರ್ ಬೇಕು, ಮಳೆಗಾಲಕ್ಕೆ ಬದಲಿ ವ್ಯವಸ್ಥೆ ಏನು, ಒಟ್ಟು ಎಷ್ಟಾಗುತ್ತದೆ ಎಂದು ಕೇಳಬೇಕು.

ಮೈಕ್ರೋವೇವ್ ಅಸ್ತ್ರ ಡ್ರೋನನ್ನು ಹೇಗೆ ಬೀಳಿಸುತ್ತದೆ?

ಡ್ರೋನಿನ ಒಳಗಿನ ತಂತಿಗಳು, ಸರ್ಕ್ಯೂಟಿನ ತಾಮ್ರದ ಗೆರೆಗಳು, ಆಂಟೆನಾ ಎಲ್ಲವೂ ಮೈಕ್ರೋವೇವ್ ತರಂಗಗಳನ್ನು ಹಿಡಿಯುತ್ತವೆ. ಬಲವಾದ ಸ್ಪಂದನ, ಅಂದರೆ ಕ್ಷಣಮಾತ್ರದ ಶಕ್ತಿಯ ಹೊಡೆತ, ಬಂದಾಗ ಅವುಗಳಲ್ಲಿ ಅಳತೆ ಮೀರಿದ ವೋಲ್ಟೇಜ್ ಹುಟ್ಟಿ ಚಿಪ್‌ಗಳು ಕಂಗೆಡುತ್ತವೆ ಅಥವಾ ಸುಟ್ಟುಹೋಗುತ್ತವೆ. ಡ್ರೋನ್ ಹೊರಗಿನಿಂದ ಹೊಸದರಂತೆಯೇ ಇದ್ದರೂ ಹಾರುವುದನ್ನು ಮರೆಯುತ್ತದೆ.

2012ರ ಅಕ್ಟೋಬರ್ 16ರಂದು ಯೂಟಾ ಮರುಭೂಮಿಯಲ್ಲಿ ಬೋಯಿಂಗ್ ಮತ್ತು ಅಮೆರಿಕದ ವಾಯುಪಡೆ ಮೈಕ್ರೋವೇವ್ ಯಂತ್ರ ಹೊತ್ತ ಕ್ಷಿಪಣಿಯನ್ನು ಕಟ್ಟಡಗಳ ಮೇಲಿಂದ ಹಾರಿಸಿದವು. ಒಳಗಿದ್ದ ಕಂಪ್ಯೂಟರ್‌ಗಳು ಸತ್ತವು. ಪರೀಕ್ಷೆಯನ್ನು ಚಿತ್ರೀಕರಿಸಲು ಇಟ್ಟಿದ್ದ ಕ್ಯಾಮೆರಾಗಳೂ ಸತ್ತವು. 2025ರ ಆಗಸ್ಟ್‌ನಲ್ಲಿ ಇಂಡಿಯಾನಾ ರಾಜ್ಯದಲ್ಲಿ ಎಪಿರಸ್ ಕಂಪನಿಯ ‘ಲಿಯೊನೈಡಸ್’ ಯಂತ್ರ ಒಂದೇ ಸ್ಪಂದನದಲ್ಲಿ 49 ಡ್ರೋನ್‌ಗಳನ್ನು ಉರುಳಿಸಿತೆಂದು ಆ ಕಂಪನಿ ಹೇಳಿಕೊಂಡಿದೆ. ಹಿಂಡುಹಿಂಡಾಗಿ ಬರುವ ಡ್ರೋನ್‌ಗಳ ಎದುರು ಲೇಸರ್‌ಗಿಂತ ಇದೇ ಒಳ್ಳೆಯ ಉತ್ತರ ಎಂದು ನನಗನ್ನಿಸುತ್ತದೆ. ಆದರೆ ವ್ಯಾಪ್ತಿ ಕಡಿಮೆ, ಮತ್ತು ಹರಡಿದ ಕಿರಣಕ್ಕೆ ನಮ್ಮವರು, ಶತ್ರುಗಳು ಎಂಬ ಭೇದ ತಿಳಿಯದು. ನಗರದೊಳಗೆ ಬಳಸುವುದಾದರೆ ಪಕ್ಕದ ಆಸ್ಪತ್ರೆಯ ಉಪಕರಣ, ಯಾರದೋ ಎದೆಯೊಳಗಿನ ಪೇಸ್‌ಮೇಕರ್, ಮೇಲೆ ಹಾರುವ ಪ್ರಯಾಣಿಕ ವಿಮಾನ ಇವುಗಳ ಲೆಕ್ಕ ಯಾರ ಹೊಣೆ ಎಂಬುದು ಮೊದಲೇ ತೀರ್ಮಾನವಾಗಿರಬೇಕು. ರೇಡಿಯೊ ತರಂಗಗಳ ಅಂತರರಾಷ್ಟ್ರೀಯ ನಿಯಮಗಳು ಇಲ್ಲಿ ನೆರವಿಗೆ ಬರುವುದು ಅಷ್ಟಕ್ಕಷ್ಟೇ: ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸಂವಿಧಾನದ 48ನೇ ವಿಧಿ ಸೇನಾ ರೇಡಿಯೊ ವ್ಯವಸ್ಥೆಗಳಿಗೆ ಸ್ವಾತಂತ್ರ್ಯ ಕೊಟ್ಟು, ಇತರರಿಗೆ ಅಡ್ಡಿಯಾಗದಂತೆ ಸಾಧ್ಯವಾದಷ್ಟು ನೋಡಿಕೊಳ್ಳಿ ಎಂದಷ್ಟೇ ಹೇಳುತ್ತದೆ.

ಭಾರತದಲ್ಲಿ ಈ ಕೆಲಸ ಎಲ್ಲಿ ನಡೆಯುತ್ತಿದೆ? ಕರ್ನಾಟಕದ ಪಾಲೇನು?

ಲೇಸರ್ ಅಸ್ತ್ರದ ಮುಖ್ಯ ಕೇಂದ್ರ ಹೈದರಾಬಾದಿನ ‘ಚೆಸ್’ ಎಂಬ ಡಿಆರ್‌ಡಿಒ ಪ್ರಯೋಗಾಲಯ. ಕರ್ನೂಲಿನ ಯಂತ್ರ ಅಲ್ಲಿಯದೇ. ಅದರಲ್ಲಿ ಬೆಂಗಳೂರಿನ ರಾಡಾರ್ ಪ್ರಯೋಗಾಲಯ ಎಲ್‌ಆರ್‌ಡಿಇ ಕೂಡ ಕೈಜೋಡಿಸಿದೆ: ಗುರಿಯನ್ನು ರಾಡಾರ್ ಮೊದಲು ಕಾಣಬೇಕು, ಆಮೇಲಷ್ಟೇ ಲೇಸರ್‌ನ ಕೆಲಸ. ಮೈಕ್ರೋವೇವ್ ಶಕ್ತಿ ಹುಟ್ಟಿಸುವ ನಿರ್ವಾತ ನಳಿಕೆಗಳ ಸಂಶೋಧನೆಗೆಂದೇ ಬೆಂಗಳೂರಿನಲ್ಲಿ ಎಂಟಿಆರ್‌ಡಿಸಿ ಎಂಬ ಪ್ರಯೋಗಾಲಯವಿದೆ. ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲದ ಅಲ್ಲಿನ ವಿಜ್ಞಾನಿಗಳ ಕೆಲಸಕ್ಕೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲ ಎಂಬುದು ನನ್ನ ಕೊರಗು.

ಬೆಂಗಳೂರಿನ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಂಪನಿ ಬಿಇಎಲ್ ತಯಾರಿಸುವ ಡ್ರೋನ್ ನಿರೋಧಕ ವ್ಯವಸ್ಥೆಯಲ್ಲಿ ಸಿಗ್ನಲ್ ಕೆಡಿಸುವ ಜಾಮರ್ ಜೊತೆಗೆ ಸಣ್ಣ ಲೇಸರ್ ಕೂಡ ಇದೆ. 2021ರ ಆಗಸ್ಟ್‌ನಲ್ಲಿ ನೌಕಾಪಡೆ ಅದಕ್ಕೆ ಒಪ್ಪಂದ ಮಾಡಿಕೊಂಡಿತು. 2025ರ ಆಗಸ್ಟ್ 23ರಂದು ಒಡಿಶಾ ಕರಾವಳಿಯಲ್ಲಿ ಎರಡು ಬಗೆಯ ಕ್ಷಿಪಣಿ ಮತ್ತು ಚೆಸ್‌ನ ಲೇಸರನ್ನು ಒಂದೇ ನಿಯಂತ್ರಣ ಕೇಂದ್ರಕ್ಕೆ ಜೋಡಿಸಿ ಪರೀಕ್ಷಿಸಲಾಯಿತು. ಎರಡು ವೇಗದ ವಿಮಾನ ಮಾದರಿಯ ಡ್ರೋನ್ ಮತ್ತು ಒಂದು ಬಹುರೆಕ್ಕೆ ಡ್ರೋನ್ ಬೇರೆ ಬೇರೆ ದೂರ, ಎತ್ತರಗಳಲ್ಲಿ ಒಟ್ಟಿಗೇ ಉರುಳಿದವು. ಕರ್ನೂಲಿನ ಪ್ರಯೋಗಕ್ಕಿಂತ ಇದನ್ನು ನಾನು ದೊಡ್ಡದೆಂದು ಎಣಿಸುತ್ತೇನೆ, ಏಕೆಂದರೆ ಯುದ್ಧದಲ್ಲಿ ಲೇಸರ್ ಒಂಟಿಯಾಗಿ ಕೆಲಸ ಮಾಡುವುದಿಲ್ಲ.

‘ಕಾಳಿ–5000’ ಎಂಬ ರಹಸ್ಯ ಅಸ್ತ್ರದಿಂದ ಭಾರತ ಹಿಮಕುಸಿತ ಉಂಟುಮಾಡಿತು ಎಂಬ ವಾಟ್ಸ್‌ಆ್ಯಪ್ ಸಂದೇಶ ನಿಜವೇ?

ಸುಳ್ಳು. ಕಾಳಿ ಎಂಬುದು ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಎಲೆಕ್ಟ್ರಾನ್ ವೇಗವರ್ಧಕ. 1985ರಲ್ಲಿ ಆರ್. ಚಿದಂಬರಂ ಅವರು ಪ್ರಸ್ತಾಪಿಸಿದ ಯೋಜನೆ. ಅದು ಕ್ಷಣದ ಅತಿ ಸಣ್ಣ ಭಾಗದಲ್ಲಿ ಎಲೆಕ್ಟ್ರಾನುಗಳ ಭಾರೀ ಸ್ಪಂದನವನ್ನು ಹೊರಡಿಸುತ್ತದೆ. ಅದರಿಂದ ಕ್ಷ-ಕಿರಣವನ್ನೋ ಮೈಕ್ರೋವೇವನ್ನೋ ಪಡೆಯಬಹುದು. ಎಲೆಕ್ಟ್ರಾನಿಕ್ಸ್ ಇಂತಹ ಹೊಡೆತ ತಾಳುತ್ತದೆಯೇ ಎಂದು ಪರೀಕ್ಷಿಸಲು ಅದು ತುಂಬ ಉಪಯುಕ್ತ. ಆ ಮಟ್ಟದ ಶಕ್ತಿಯ ಎಲೆಕ್ಟ್ರಾನುಗಳು ಗಾಳಿಯಲ್ಲಿ ಕೆಲವೇ ಮೀಟರ್ ಹೋಗಿ ನಿಂತುಬಿಡುತ್ತವೆ. 2012ರ ಏಪ್ರಿಲ್ 7ರಂದು ಸಿಯಾಚಿನ್ ಬಳಿಯ ಗಯಾರಿಯಲ್ಲಿ ಹಿಮದಡಿ ಸಿಕ್ಕು ಪಾಕಿಸ್ತಾನದ ನೂರಕ್ಕೂ ಹೆಚ್ಚು ಸೈನಿಕರು ಸತ್ತರು. ಆ ದುರಂತವನ್ನು ನಮ್ಮ ಸಾಹಸವೆಂದು ಹಂಚುವುದು ವಿಜ್ಞಾನಕ್ಕೂ ಅಪಚಾರ, ಮನುಷ್ಯತ್ವಕ್ಕೂ ಅಪಚಾರ.

ಲಡಾಖ್‌ನಲ್ಲಿ ಚೀನಾ ನಮ್ಮ ಸೈನಿಕರ ಮೇಲೆ ಮೈಕ್ರೋವೇವ್ ಬಿಟ್ಟಿತ್ತೇ?

2020ರ ನವೆಂಬರ್‌ನಲ್ಲಿ ಬೀಜಿಂಗ್‌ನ ರೆನ್‌ಮಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜಿನ್ ಕಾನ್‌ರಾಂಗ್ ಹಾಗೆ ಹೇಳಿದರು. ಇದು ಆಧಾರವಿಲ್ಲದ ಸುಳ್ಳು ಎಂದು ಭಾರತೀಯ ಸೇನೆ ಕೂಡಲೇ ಹೇಳಿತು. ಅದನ್ನು ಸಮರ್ಥಿಸುವ ಯಾವ ಸಾಕ್ಷ್ಯವೂ ಬಂದಿಲ್ಲ.

ಈ ಪ್ರಸಂಗವನ್ನು ಅಷ್ಟಕ್ಕೇ ಬಿಡುವಂತಿಲ್ಲ. ಗುಂಡು ಹೊಡೆದರೆ ಗಾಯ ಉಳಿಯುತ್ತದೆ, ಕೋವಿಯ ಗುರುತು ಸಿಗುತ್ತದೆ. ಮೈಕ್ರೋವೇವ್ ಬಿಟ್ಟರು ಎಂದು ಸುಳ್ಳು ಹೇಳುವುದೂ ಸುಲಭ, ಬಿಟ್ಟು ಇಲ್ಲವೆನ್ನುವುದೂ ಸುಲಭ. 2016ರಲ್ಲಿ ಕ್ಯೂಬಾದ ರಾಜಧಾನಿ ಹವಾನಾದಲ್ಲಿದ್ದ ಅಮೆರಿಕನ್ ರಾಜತಾಂತ್ರಿಕರಿಗೆ ತಲೆನೋವು, ತಲೆಸುತ್ತು ಕಾಣಿಸಿಕೊಂಡಾಗ ಆದದ್ದೂ ಹೀಗೆಯೇ. 2020ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ ಸಮಿತಿ ಸ್ಪಂದಿತ ರೇಡಿಯೊ ತರಂಗಗಳನ್ನು ಹೆಚ್ಚು ಸಂಭವನೀಯ ಕಾರಣವೆಂದಿತು. 2023ರ ಮಾರ್ಚ್‌ನಲ್ಲಿ ಅದೇ ದೇಶದ ಗುಪ್ತಚರ ಸಂಸ್ಥೆಗಳ ವರದಿ ವಿದೇಶಿ ಶತ್ರುವಿನ ಕೈವಾಡ ತೀರಾ ಅಸಂಭವ ಎಂದಿತು. ಗಡಿಯಲ್ಲಿರುವ ನಮ್ಮ ತುಕಡಿಗಳ ಬಳಿ ಲೇಸರ್, ಮೈಕ್ರೋವೇವ್ ತಾಗಿದ್ದನ್ನು ದಾಖಲಿಸುವ ಸರಳ ಮಾಪಕಗಳಾದರೂ ಇರಬೇಕು. ಆಗ ಸುಳ್ಳಿಗೆ ತಕ್ಷಣ ಉತ್ತರ ಕೊಡಬಹುದು, ನಿಜವಾದರೆ ಸಾಕ್ಷ್ಯ ಮುಂದಿಡಬಹುದು.

ಲೇಸರ್‌ನಿಂದ ಸೈನಿಕರ ಕಣ್ಣು ಕುರುಡಾಗಿಸುವುದು ನಿಷಿದ್ಧವಲ್ಲವೇ?

ನಿಷಿದ್ಧ, ಆದರೆ ಪೂರ್ತಿಯಾಗಿ ಅಲ್ಲ. ಮೊದಲು ಕಣ್ಣಿಗೆ ಏನಾಗುತ್ತದೆ ನೋಡಿ. ಒಂದು ಮೈಕ್ರಾನ್ ಬೆಳಕು ಕಾಣದಿದ್ದರೂ ಪಾರದರ್ಶಕ ಪಟಲ ಮತ್ತು ಮಸೂರಗಳ ಮೂಲಕ ಸಲೀಸಾಗಿ ಒಳನುಗ್ಗುತ್ತದೆ. ಮಸೂರ ತನ್ನ ಕೆಲಸ ತಾನು ಮಾಡಿ ಅದನ್ನು ಅಕ್ಷಿಪಟದ ಮೇಲೆ ಸಣ್ಣ ಬಿಂದುವಾಗಿ ಕೂಡಿಸುತ್ತದೆ. ಹೀಗೆ ಕೂಡಿದಾಗ ಬೆಳಕಿನ ತೀವ್ರತೆ ಲಕ್ಷ ಪಟ್ಟಿನವರೆಗೆ ಏರಬಹುದು. ಬೆಳಕು ಕಾಣದ್ದರಿಂದ ರೆಪ್ಪೆ ಮುಚ್ಚಿಕೊಳ್ಳುವುದೂ ಇಲ್ಲ. ಸುಟ್ಟ ಅಕ್ಷಿಪಟಕ್ಕೆ ಚಿಕಿತ್ಸೆಯಿಲ್ಲ.

1995ರಲ್ಲಿ ಚೀನಾದ ಕಂಪನಿಯೊಂದು ‘ಜೆಡ್‌ಎಂ–87’ ಎಂಬ ಕಣ್ಣು ಕೆಡಿಸುವ ಲೇಸರನ್ನು ಆಯುಧ ಮೇಳದಲ್ಲಿ ಮಾರಾಟಕ್ಕಿಟ್ಟಿತ್ತು. ಅಮೆರಿಕವೂ ಇಂತಹ ಯಂತ್ರಗಳನ್ನು ತಯಾರಿಸುತ್ತಿತ್ತು. ರೆಡ್ ಕ್ರಾಸ್ ಸಮಿತಿಯ ಸತತ ಒತ್ತಾಯದಿಂದ ಅದೇ ವರ್ಷ ಅಕ್ಟೋಬರ್ 13ರಂದು ವಿಯೆನ್ನಾದಲ್ಲಿ, ಸಾಂಪ್ರದಾಯಿಕ ಆಯುಧಗಳ ಒಪ್ಪಂದಕ್ಕೆ ನಾಲ್ಕನೇ ಶಿಷ್ಟಾಚಾರ (ಪ್ರೋಟೊಕಾಲ್, ಅಂದರೆ ಪೂರಕ ಒಪ್ಪಂದ) ಸೇರಿತು. 1998ರ ಜುಲೈ 30ರಂದು ಜಾರಿಗೆ ಬಂತು, ಭಾರತ 1999ರಲ್ಲಿ ಒಪ್ಪಿಕೊಂಡಿತು. ಒಂದು ಆಯುಧ ರಣರಂಗದಲ್ಲಿ ವ್ಯಾಪಕವಾಗಿ ಬಳಕೆಗೆ ಬರುವ ಮೊದಲೇ ಅದನ್ನು ನಿಷೇಧಿಸಿದ ಅಪರೂಪದ ಉದಾಹರಣೆ ಇದು. ಮನಸ್ಸು ಮಾಡಿದರೆ ಆಗುತ್ತದೆ ಎನ್ನಲು ನನಗೆ ಇದೇ ಆಧಾರ.

ಇನ್ನು ಅದರ ಕಂಡಿಗಳು. ಬರಿಗಣ್ಣನ್ನು ಶಾಶ್ವತವಾಗಿ ಕುರುಡಾಗಿಸಲೆಂದೇ ವಿನ್ಯಾಸಗೊಳಿಸಿದ ಲೇಸರ್ ಮಾತ್ರ ನಿಷಿದ್ಧ. ಶತ್ರುವಿನ ಕ್ಯಾಮೆರಾ, ದೂರದರ್ಶಕಗಳನ್ನು ಕೆಡಿಸಲು ಹೋಗಿ ಪಕ್ಕದವನ ಕಣ್ಣು ಹೋದರೆ ಅದು ಮೂರನೇ ವಿಧಿಯ ಪ್ರಕಾರ ನಿಷೇಧದ ಹೊರಗೆ. ತಾತ್ಕಾಲಿಕವಾಗಿ ಕಣ್ಣು ಕೋರೈಸುವುದೂ ಹೊರಗೆ. ಗಂಭೀರ ದೃಷ್ಟಿಹೀನತೆ ಎಂದರೆ ಎರಡೂ ಕಣ್ಣು ಬಳಸಿ ಅಳೆದಾಗ ದೃಷ್ಟಿ 20/200ಕ್ಕಿಂತ (ಆರೋಗ್ಯವಂತ ಕಣ್ಣು 200 ಅಡಿಯಿಂದ ಕಾಣುವುದನ್ನು 20 ಅಡಿಯಿಂದ ಕಾಣುವ ಮಟ್ಟ) ಕಡಿಮೆಯಿರಬೇಕು ಎಂದು ನಾಲ್ಕನೇ ವಿಧಿ ಹೇಳುತ್ತದೆ. ಅಂದರೆ ಒಂದು ಕಣ್ಣನ್ನು ಪೂರ್ತಿ ಕಳೆದುಕೊಂಡವನು ಈ ಅಳತೆಗೆ ಸಿಗುವುದಿಲ್ಲ!

ಈ ಸಂದುಗಳು ಕಾಗದದ ಮೇಲೆ ಮಾತ್ರ ಉಳಿದಿಲ್ಲ. 2023ರ ಫೆಬ್ರವರಿ 6ರಂದು ದಕ್ಷಿಣ ಚೀನಾ ಸಮುದ್ರದಲ್ಲಿ ಚೀನಾದ ಕರಾವಳಿ ಕಾವಲು ಹಡಗು ಬಿಟ್ಟ ಹಸಿರು ಲೇಸರ್‌ನಿಂದ ತನ್ನ ‘ಮಲಪಸ್ಕುವಾ’ ಹಡಗಿನ ಸಿಬ್ಬಂದಿಗೆ ಕೆಲಹೊತ್ತು ಕಣ್ಣು ಕಾಣದಾಯಿತೆಂದು ಫಿಲಿಪ್ಪೀನ್ಸ್ ದೂರಿತು. ಅದಕ್ಕೂ ಒಂದು ವರ್ಷ ಮೊದಲು ಆಸ್ಟ್ರೇಲಿಯಾದ ಗಸ್ತು ವಿಮಾನದ ಮೇಲೆ ಹೀಗೆಯೇ ಬೆಳಕು ಬಿದ್ದಿತ್ತು. ನೂರಾರು ಕಿಲೋವ್ಯಾಟ್‌ನ ಲೇಸರ್‌ಗಳು ಬರುತ್ತಿರುವಾಗ ಇನ್ನೊಂದು ಅಪಾಯವೂ ಇದೆ: ಲೋಹದ ರೆಕ್ಕೆಯಿಂದ ಚಿಮ್ಮಿ ಬರುವ ಪ್ರತಿಫಲಿತ ಬೆಳಕು ದೂರದಲ್ಲಿ ಆಕಾಶ ನೋಡುತ್ತ ನಿಂತ ರೈತನ ಕಣ್ಣಿಗೂ ಸಾಕಾಗಬಹುದು. ಶಿಷ್ಟಾಚಾರದ ಎರಡನೇ ವಿಧಿ ಸಾಧ್ಯವಾದ ಎಲ್ಲ ಮುನ್ನೆಚ್ಚರಿಕೆ ವಹಿಸಿ ಎನ್ನುತ್ತದೆ. ಎಷ್ಟು ದೂರ, ಯಾವ ಕೋನ, ಯಾರಿಗೆ ಕನ್ನಡಕ ಎಂಬ ವಿವರಗಳನ್ನು ಆಯಾ ದೇಶವೇ ಬರೆದುಕೊಳ್ಳಬೇಕು.

ಜನರ ಗುಂಪಿನ ಮೇಲೆ ಇವನ್ನು ಬಳಸಬಹುದೇ?

ಅದಕ್ಕೆಂದೇ ಅಮೆರಿಕ ಒಂದು ಯಂತ್ರ ಮಾಡಿದೆ. 95 ಗಿಗಾಹರ್ಟ್ಸ್ ಕಿರಣ, ಚರ್ಮದೊಳಗೆ ಸುಮಾರು 0.4 ಮಿಲಿಮೀಟರ್ ಮಾತ್ರ ಇಳಿಯುತ್ತದೆ. ಸಹಿಸಲಾಗದ ಉರಿ ಹತ್ತಿ ಮನುಷ್ಯ ಓಡಿಹೋಗುತ್ತಾನೆ. ಹದಿಮೂರು ಸಾವಿರಕ್ಕೂ ಹೆಚ್ಚು ಬಾರಿ ಸ್ವಯಂಸೇವಕರ ಮೇಲೆ ಪ್ರಯೋಗಿಸಿದ್ದೇವೆ, ಗಾಯಗಳು ತೀರಾ ವಿರಳ ಎಂದು ಅವರು ಹೇಳುತ್ತಾರೆ. ಆ ವಿರಳ ಗಾಯಗಳಲ್ಲಿ ಒಂದು 2007ರಲ್ಲಿ ವಾಯುಪಡೆಯ ಸಿಬ್ಬಂದಿಯೊಬ್ಬರು ಸುಟ್ಟಗಾಯಗಳಿಂದ ಆಸ್ಪತ್ರೆ ಸೇರಿದ್ದು. 2010ರಲ್ಲಿ ಅಫ್ಘಾನಿಸ್ತಾನಕ್ಕೆ ಒಯ್ದ ಯಂತ್ರವನ್ನು ಒಮ್ಮೆಯೂ ಬಳಸದೆ ವಾಪಸು ತಂದರು. ಅದೇ ವರ್ಷ ಇದರ ಸಣ್ಣ ರೂಪವನ್ನು ಲಾಸ್ ಏಂಜಲಿಸ್ ಪ್ರಾಂತ್ಯದ ಜೈಲೊಂದರಲ್ಲಿ ಕೈದಿಗಳನ್ನು ಹತೋಟಿಯಲ್ಲಿಡಲು ಕೂರಿಸಲು ಹೊರಟಾಗ ನಾಗರಿಕ ಹಕ್ಕುಗಳ ಹೋರಾಟಗಾರರು ವಿರೋಧಿಸಿದರು.

ಯಂತ್ರ ಚೆನ್ನಾಗಿದ್ದರೂ ನನ್ನ ವಿರೋಧ ಉಳಿಯುತ್ತದೆ. ಓಡಿಹೋಗಬಲ್ಲವನಿಗೆ ಮಾತ್ರ ಈ ಅಸ್ತ್ರ ಸೌಮ್ಯ. ಜನಸಂದಣಿಯಲ್ಲಿ ಸಿಕ್ಕಿಕೊಂಡವರು, ಬಿದ್ದವರು, ಗಾಲಿಕುರ್ಚಿಯಲ್ಲಿರುವವರು, ಮಗುವನ್ನು ಎತ್ತಿಕೊಂಡವರು ಎಲ್ಲಿಗೆ ಓಡಬೇಕು? ಪ್ರಾಣಾಪಾಯವಿಲ್ಲದ ಆಯುಧವೆಂದು ತಂದ ಪೆಲೆಟ್ ಬಂದೂಕುಗಳಿಂದ 2016ರಲ್ಲಿ ಕಾಶ್ಮೀರದಲ್ಲಿ ಎಷ್ಟೋ ಮಂದಿ ಕಣ್ಣು ಕಳೆದುಕೊಂಡರು. ಸೇನೆಗೆಂದು ಬಂದ ಸಾಧನ ಕೆಲವೇ ವರ್ಷಗಳಲ್ಲಿ ಪೊಲೀಸರ ಕೈಗೆ ಬರುತ್ತದೆ ಎಂಬುದನ್ನು ಹಲವು ದೇಶಗಳಲ್ಲಿ ಕಂಡಿದ್ದೇವೆ. ಮನುಷ್ಯರ ಮೇಲೆ ಬಳಸುವ ಕಿರಣ ಯಂತ್ರಗಳನ್ನು ಕೊಳ್ಳುವುದಿಲ್ಲ ಎಂದು ನಮ್ಮ ಸರ್ಕಾರ ಈಗಲೇ ಘೋಷಿಸಬೇಕು.

ಗುರಿ ತಪ್ಪಿದ ಕಿರಣ ಎಲ್ಲಿಗೆ ಹೋಗುತ್ತದೆ?

ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಗುಂಡಾದರೆ ಕೆಲವು ಕಿಲೋಮೀಟರಿನಲ್ಲಿ ನೆಲಕ್ಕೆ ಬೀಳುತ್ತದೆ. ಮೇಲ್ಮುಖ ಲೇಸರ್ ವಿಮಾನಗಳ ಎತ್ತರವನ್ನೂ ದಾಟಿ ಉಪಗ್ರಹಗಳ ಕಕ್ಷೆ ತಲುಪುತ್ತದೆ. ಅಲ್ಲಿ ಸುಡುವ ಬಲ ಉಳಿದಿರದಿದ್ದರೂ ಭೂಮಿಯನ್ನು ನೋಡುವ ಕ್ಯಾಮೆರಾಗಳನ್ನು ಕೋರೈಸಬಲ್ಲದು. 1997ರ ಅಕ್ಟೋಬರ್‌ನಲ್ಲಿ ಅಮೆರಿಕ ತನ್ನದೇ ಉಪಗ್ರಹವೊಂದರ ಮೇಲೆ ನೆಲದಿಂದ ಲೇಸರ್ ಬಿಟ್ಟು ನೋಡಿದಾಗ, ದೈತ್ಯ ಲೇಸರ್ ಜೊತೆಗಿದ್ದ ಕಡಿಮೆ ಶಕ್ತಿಯ ಲೇಸರ್ ಕೂಡ ಉಪಗ್ರಹದ ಸಂವೇದಕವನ್ನು ಕೆಲಹೊತ್ತು ಕುರುಡಾಗಿಸಿತು. ಅಲ್ಲಿನ ರಕ್ಷಣಾ ಇಲಾಖೆ ತನ್ನ ಪ್ರಬಲ ಲೇಸರ್ ಪರೀಕ್ಷೆಗಳಿಗೆ ‘ಲೇಸರ್ ಕ್ಲಿಯರಿಂಗ್‌ಹೌಸ್’ ಎಂಬ ವ್ಯವಸ್ಥೆ ಇಟ್ಟಿದೆ: ಯಾವ ಕ್ಷಣದಲ್ಲಿ, ಯಾವ ದಿಕ್ಕಿಗೆ ಬಿಟ್ಟರೆ ಉಪಗ್ರಹಗಳಿಗೆ ತಾಗುವುದಿಲ್ಲ ಎಂದು ಅದು ಲೆಕ್ಕ ಹಾಕಿ ಅನುಮತಿ ಕೊಡುತ್ತದೆ.

ಬಾಹ್ಯಾಕಾಶದಲ್ಲಿ ಲೇಸರ್ ಬಳಕೆಗೆ ನಿಷೇಧ ಇದೆಯೇ?

ಇಲ್ಲ. 1967ರ ಬಾಹ್ಯಾಕಾಶ ಒಪ್ಪಂದ ಕಕ್ಷೆಯಲ್ಲಿ ಪರಮಾಣು ಮತ್ತು ಸಮೂಹನಾಶಕ ಅಸ್ತ್ರಗಳನ್ನು ಇಡುವುದನ್ನು ಮಾತ್ರ ತಡೆಯುತ್ತದೆ. ಇತರರ ಉಪಗ್ರಹಗಳಿಗೆ ಅಡ್ಡಿಯಾಗುವಂತಿದ್ದರೆ ಮೊದಲು ಸಮಾಲೋಚಿಸಿ ಎಂದು ಒಂಬತ್ತನೇ ವಿಧಿ ಹೇಳುತ್ತದೆ, ಅಷ್ಟೇ. 2022ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆ ಉಪಗ್ರಹ ಒಡೆಯುವ ಕ್ಷಿಪಣಿ ಪರೀಕ್ಷೆಗಳನ್ನು ನಡೆಸಬೇಡಿ ಎಂಬ ನಿರ್ಣಯವನ್ನು 155 ಮತಗಳಿಂದ ಅಂಗೀಕರಿಸಿತು. 2019ರ ಮಾರ್ಚ್ 27ರಂದು ಅಂತಹ ಪರೀಕ್ಷೆ ಮಾಡಿದ್ದ ಭಾರತ ಮತದಾನದಿಂದ ದೂರ ಉಳಿಯಿತು. ಚೂರುಗಳನ್ನು ಹರಡದ ಲೇಸರ್ ಆ ನಿರ್ಣಯದೊಳಗೆ ಬರುವುದೇ ಇಲ್ಲ.

ಹೊಡೆಯುವ ನಿರ್ಧಾರವನ್ನು ಯಂತ್ರವೇ ಮಾಡುತ್ತದೆಯೇ?

ಗುರಿಯನ್ನು ಹಿಂಬಾಲಿಸುವುದು, ಕಿರಣ ನಿಲ್ಲಿಸುವುದು ಯಂತ್ರವೇ. ಮನುಷ್ಯನ ಕೈಗೆ ಆ ಚುರುಕಿಲ್ಲ. ಹೊಡೆ ಎನ್ನುವ ಮಾತು ಮನುಷ್ಯನದಾಗಿರಬೇಕು. ನೂರು ಡ್ರೋನ್ ಒಟ್ಟಿಗೆ ಬಂದಾಗ ಆ ಮಾತನ್ನೂ ಯಂತ್ರಕ್ಕೆ ಬಿಡುವ ಒತ್ತಡ ಬರುತ್ತದೆ. ಗುರಿ ಡ್ರೋನ್ ಮಾತ್ರವಾಗಿದ್ದರೆ ಒಪ್ಪಬಹುದೇನೋ. ಒಳಗೆ ಪೈಲಟ್ ಇರುವ ವಿಮಾನಕ್ಕೆ ಒಪ್ಪಲಾಗದು. 2023ರಲ್ಲಿ ಸ್ವಯಂಚಾಲಿತ ಮಾರಕ ಅಸ್ತ್ರಗಳ ಕುರಿತ ವಿಶ್ವಸಂಸ್ಥೆಯ ನಿರ್ಣಯದ ವಿರುದ್ಧ ಮತ ಹಾಕಿದ ಬೆರಳೆಣಿಕೆಯ ದೇಶಗಳಲ್ಲಿ ಭಾರತವೂ ಒಂದು. ಈ ಚರ್ಚೆ ಸಾಂಪ್ರದಾಯಿಕ ಆಯುಧಗಳ ಒಪ್ಪಂದದ ವೇದಿಕೆಯಲ್ಲೇ ನಡೆಯಲಿ ಎಂಬುದು ನಮ್ಮ ವಾದ. ಸರಿ, ಹಾಗಾದರೆ ಆ ವೇದಿಕೆಯಲ್ಲಿ ಕರಡು ಮಂಡಿಸುವ ಕೆಲಸಕ್ಕೆ ನಾವೇ ಮುಂದಾಗಬೇಕು.

ರಕ್ಷಣಾ ಗುಟ್ಟು ಬಿಟ್ಟುಕೊಡದೆ ಇದನ್ನೆಲ್ಲ ಬಹಿರಂಗವಾಗಿ ಚರ್ಚಿಸಲು ಸಾಧ್ಯವೇ?

ಖಂಡಿತ ಸಾಧ್ಯ. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿ 2023ರಲ್ಲಿ ಈ ಅಸ್ತ್ರಗಳ ಬಗ್ಗೆ ಬಹಿರಂಗ ವರದಿ ಕೊಟ್ಟಿತು: ವರ್ಷಕ್ಕೆ ಸುಮಾರು ನೂರು ಕೋಟಿ ಡಾಲರ್ ಖರ್ಚಾಗುತ್ತಿದೆ, ಆದರೆ ಪ್ರಯೋಗಾಲಯದಿಂದ ಸೇನೆಗೆ ದಾಟಿಸುವ ಯೋಜನೆ ಸಾಲದು ಎಂದು. ಅಲ್ಲಿನ ಪರೀಕ್ಷಾ ನಿರ್ದೇಶನಾಲಯ ‘ಪ್ರೆಬಲ್’ ಹಡಗಿನ ಲೇಸರ್ ಹೊಡೆತದ ಚಿತ್ರವನ್ನು ತನ್ನ ವಾರ್ಷಿಕ ವರದಿಯಲ್ಲೇ ಪ್ರಕಟಿಸಿತು. ಇದರಿಂದ ಯಾವ ಶತ್ರುವಿಗೂ ಲಾಭವಾಗಲಿಲ್ಲ.

ಹೊಸ ಆಯುಧ ಕಾನೂನಿಗೆ ಒಗ್ಗುತ್ತದೆಯೇ ಎಂದು ಮೊದಲೇ ಪರಿಶೀಲಿಸುವ ಹೊಣೆಯನ್ನು ಜಿನೀವಾ ಒಪ್ಪಂದಗಳ 1977ರ ಮೊದಲ ಹೆಚ್ಚುವರಿ ಶಿಷ್ಟಾಚಾರದ 36ನೇ ವಿಧಿ ಹೊರಿಸುತ್ತದೆ. ಭಾರತ ಆ ಶಿಷ್ಟಾಚಾರಕ್ಕೆ ಸೇರಿಲ್ಲ. ಸೇರದಿದ್ದರೂ ಇಂತಹ ಪರಿಶೀಲನೆ ನಡೆಸಲು ಅಡ್ಡಿಯಿಲ್ಲ. ಅಮೆರಿಕ ಕೂಡ ಅದನ್ನು ಅಂಗೀಕರಿಸದೆಯೇ ತನ್ನ ಆಯುಧಗಳ ಕಾನೂನು ಪರಿಶೀಲನೆ ಮಾಡಿಕೊಳ್ಳುತ್ತದೆ. ನಮ್ಮಲ್ಲಿ ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿ ಇದೆ, ಮಹಾಲೇಖಪಾಲರಿದ್ದಾರೆ. ಕಿರಣದ ಶಕ್ತಿ, ಅದನ್ನು ಬೆಸೆಯುವ ತಂತ್ರ, ನೆಲೆಗಳ ವಿವರ ಗುಟ್ಟಾಗಿಯೇ ಇರಲಿ. ಪರೀಕ್ಷಾ ಕ್ಷೇತ್ರದ ಸುತ್ತಲಿನ ಹಳ್ಳಿಗಳಿಗೆ ಕಣ್ಣಿನ ಸುರಕ್ಷತಾ ದೂರ ಎಷ್ಟು, ಪರೀಕ್ಷೆಯ ದಿನ ಅವರಿಗೆ ತಿಳಿಸುವವರು ಯಾರು, ವಿಮಾನ ನಿಲ್ದಾಣದ ಸಮೀಪ ಡ್ರೋನ್ ನಿರೋಧಕ ಲೇಸರ್ ಚಾಲೂ ಮಾಡಲು ಯಾರ ಒಪ್ಪಿಗೆ ಬೇಕು, ಹಾನಿಯಾದವರು ಪರಿಹಾರಕ್ಕೆ ಯಾವ ಕಚೇರಿಗೆ ಹೋಗಬೇಕು ಎಂಬುದರಲ್ಲಿ ಗುಟ್ಟಿನ ಮಾತೇ ಇಲ್ಲ. ಇಷ್ಟನ್ನು ರಕ್ಷಣಾ ಸಚಿವಾಲಯ ನಾಲ್ಕು ಪುಟಗಳಲ್ಲಿ, ಕನ್ನಡ ಮತ್ತು ತೆಲುಗಿನಲ್ಲೂ, ಈ ಯಂತ್ರಗಳು ಸೇನೆ ಸೇರುವ ಮುನ್ನವೇ ಪ್ರಕಟಿಸಬಹುದು.